ಸ್ಲೇಟರ್ ಹಡಗನ್ನು ನೋಡುವುದು ಹೇಗೆ: ತೋಪಿಗಿಂತ ಮೊದಲು ಮಂಚ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ, ಹಡ್ಸನ್ ನದಿಯ ದಡದಲ್ಲಿ, ಎರಡನೇ ಮಹಾಯುದ್ಧದ ಕಾಲದ ಒಂದು ಹಡಗು ಇದೆ. ಹೆಸರು ಯುಎಸ್‌ಎಸ್ ಸ್ಲೇಟರ್. ಹಡಗು ಹತ್ತಿದವರು ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ: ತೋಪಿನ ಪಕ್ಕ ನಿಂತು ಫೋಟೋ, ಆಮೇಲೆ ಇನ್ನೊಂದು ತೋಪು, ಇನ್ನೊಂದು ಫೋಟೋ. ತಪ್ಪೇನಿಲ್ಲ. ಆದರೆ ಈ ಹಡಗಿನ ನಿಜವಾದ ಸ್ವಾರಸ್ಯ ಇರುವುದು ಇಷ್ಟು ಸಣ್ಣ ಜಾಗದಲ್ಲಿ ಇನ್ನೂರಕ್ಕೂ ಜಾಸ್ತಿ ಜನ ಹೇಗೆ ಬದುಕಿದರು ಅನ್ನೋದರಲ್ಲಿ. ಅದನ್ನು ನೋಡಬೇಕಾದರೆ ಸ್ವಲ್ಪ ತಯಾರಿ ಬೇಕು.

ಮೊದಲು ಇದು ಎಂಥ ಹಡಗು ಅಂತ ತಿಳಿದುಕೊಂಡು ಹೋಗಿ. ಇದು ಡೆಸ್ಟ್ರಾಯರ್ ಅಲ್ಲ, ಡೆಸ್ಟ್ರಾಯರ್ ಎಸ್ಕಾರ್ಟ್. ಅಂದರೆ ಬೆಂಗಾವಲಿನ ಹಡಗು. ಅಟ್ಲಾಂಟಿಕ್ ದಾಟುವ ಸರಕಿನ ಹಡಗುಗಳನ್ನು ಜರ್ಮನಿಯ ಯು-ಬೋಟ್‌ಗಳು, ಅಂದರೆ ಜಲಾಂತರ್ಗಾಮಿಗಳು, ಒಂದರ ಮೇಲೊಂದು ಮುಳುಗಿಸುತ್ತಿದ್ದವು. ಕಾಯೋಕೆ ದೊಡ್ಡ ಡೆಸ್ಟ್ರಾಯರ್‌ಗಳನ್ನೇ ಕಟ್ಟೋಣ ಅಂದರೆ ದುಡ್ಡೂ ಜಾಸ್ತಿ, ಸಮಯವೂ ಜಾಸ್ತಿ. ಹಾಗಾಗಿ ಚಿಕ್ಕದು, ಅಗ್ಗದ್ದು, ಬೇಗ ಕಟ್ಟಬಹುದಾದದ್ದು ಬಂತು. ಉದ್ದ 306 ಅಡಿ. ವೇಗ 21 ನಾಟ್, ಅಂದರೆ ಗಂಟೆಗೆ ಸುಮಾರು 39 ಕಿಲೋಮೀಟರ್. ಆಗಿನ ಡೆಸ್ಟ್ರಾಯರ್‌ಗಳು ಸುಮಾರು 35 ನಾಟ್ ಓಡುತ್ತಿದ್ದವು, ಆದರೆ ಸರಕಿನ ಹಡಗು ಕಾಯೋಕೆ ಆ ಓಟ ಬೇಕಿಲ್ಲ ಅಲ್ವಾ? ನೀರಿನ ಮೇಲೆ ಓಡುವ ಯು-ಬೋಟ್‌ನ ವೇಗವೇ ಸುಮಾರು 17 ನಾಟ್. ಅಮೆರಿಕ ಇಂಥವನ್ನು 563 ಕಟ್ಟಿತು, ಅದರಲ್ಲಿ 78 ಬ್ರಿಟನ್ ನೌಕಾಪಡೆಗೆ ಹೋದವು.

ಸ್ಲೇಟರ್ ಫ್ಲೋರಿಡಾದ ಟ್ಯಾಂಪಾದಲ್ಲಿ ತಯಾರಾಗಿ 1944ರ ಮೇ 1ಕ್ಕೆ ಸೇವೆಗೆ ಸೇರಿತು. ಈ ವರ್ಗದ ಹಡಗುಗಳಿಗೆ ಸಾಮಾನ್ಯವಾಗಿ ಅಡ್ಮಿರಲ್‌ಗಳ ಹೆಸರಲ್ಲ, ಯುದ್ಧದಲ್ಲಿ ಸತ್ತ ಸಾದಾ ನಾವಿಕರ, ಕಿರಿಯ ಅಧಿಕಾರಿಗಳ ಹೆಸರು ಇಡುತ್ತಿದ್ದರು. ಫ್ರಾಂಕ್ ಸ್ಲೇಟರ್ ಅಲಬಾಮಾದ ಹುಡುಗ. 1942ರ ನವೆಂಬರ್‌ನಲ್ಲಿ ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ದ್ವೀಪದ ಹತ್ತಿರ, ಯುಎಸ್‌ಎಸ್ ಸ್ಯಾನ್ ಫ್ರಾನ್ಸಿಸ್ಕೋ ಹಡಗಿನಲ್ಲಿ, ತನ್ನ ಮೇಲೇ ನುಗ್ಗಿ ಬರುತ್ತಿದ್ದ ವಿಮಾನಕ್ಕೆ ಗುಂಡು ಹಾರಿಸುತ್ತಾ ಜಾಗ ಬಿಡದೆ ಸತ್ತ. ಹಡಗು ಹತ್ತುವಾಗ ಈ ಹೆಸರು ತಲೆಯಲ್ಲಿರಲಿ.

ಇನ್ನು ಹೋಗುವ ವಿಚಾರ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಮಾತ್ರ ಪ್ರವೇಶ, ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತಾರೆ. ದಿನ, ಸಮಯ, ಟಿಕೆಟ್ ಬದಲಾಗುತ್ತಿರುತ್ತದೆ, ಮ್ಯೂಸಿಯಂನವರ ವೆಬ್‌ಸೈಟ್ ನೋಡಿಯೇ ಹೊರಡಿ. ನ್ಯೂಯಾರ್ಕ್ ನಗರದಿಂದ ರೈಲಿನಲ್ಲಿ ಎರಡೂವರೆ ಗಂಟೆ. ಸ್ಟೇಷನ್ ಇರುವುದು ನದಿಯ ಆಚೆ ದಡದ ರೆನ್ಸೆಲೇರ್‌ನಲ್ಲಿ, ಅಲ್ಲಿಂದ ಈಚೆ ಬರಬೇಕು. ಚಪ್ಪಲಿ ಬೇಡ, ಮುಚ್ಚಿದ ಶೂ ಹಾಕಿ. ಬೆನ್ನಿನ ಬ್ಯಾಗ್ ದೊಡ್ಡದಿದ್ದರೆ ಬಿಟ್ಟು ಬನ್ನಿ. ಏಣಿಗಳು ತುಂಬಾ ಕಡಿದು, ಇಳಿಯುವಾಗ ಏಣಿಗೆ ಮುಖ ಮಾಡಿ ಇಳಿಯಿರಿ. ಬಾಗಿಲುಗಳ ಕೆಳಗೆ ಎತ್ತರದ ಕಬ್ಬಿಣದ ಹೊಸ್ತಿಲು, ಮೇಲೆ ತಲೆಗೆ ತಾಗುವ ಪೈಪು. ಮಂಡಿ ನೋವು ಇರುವವರು ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಗೈಡ್ ಜೊತೆಯಲ್ಲೇ ಸುತ್ತಬೇಕು. ಆದ್ದರಿಂದ ಯಾವುದು ಮೊದಲು ಅನ್ನೋದು ನಿಮ್ಮ ಕೈಯಲ್ಲಿಲ್ಲ, ಎಲ್ಲಿ ಒಂದು ನಿಮಿಷ ಜಾಸ್ತಿ ನಿಲ್ಲಬೇಕು ಅನ್ನೋದು ಮಾತ್ರ ನಿಮ್ಮದು.

ಆ ಒಂದು ನಿಮಿಷವನ್ನು ನಾವಿಕರು ಮಲಗುತ್ತಿದ್ದ ಕೋಣೆಗೆ ಕೊಡಿ. ಪೈಪಿನ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದ ಮಂಚಗಳು, ಒಂದರ ಮೇಲೊಂದು. ಮೇಲಿನ ಮಂಚಕ್ಕೂ ಕೆಳಗಿನವನ ಮೂಗಿಗೂ ಎಷ್ಟು ಅಂತರ ಅಂತ ಕಣ್ಣಲ್ಲೇ ಅಳೆಯಿರಿ. ಈಗ ಅದೇ ಕೋಣೆ ಚಳಿಗಾಲದ ಅಟ್ಲಾಂಟಿಕ್‌ನಲ್ಲಿ ಎಡಕ್ಕೆ ಬಲಕ್ಕೆ ಹೊಯ್ದಾಡುತ್ತಿದೆ ಅಂದುಕೊಳ್ಳಿ, ಬಟ್ಟೆ ಒದ್ದೆ, ಯಾರೋ ವಾಂತಿ ಮಾಡುತ್ತಿದ್ದಾನೆ, ನಿಮ್ಮ ನಾಲ್ಕು ಗಂಟೆಯ ಕಾವಲು ಈಗಷ್ಟೇ ಮುಗಿದಿದೆ, ಕಣ್ಣು ಮುಚ್ಚೋದರೊಳಗೆ ಗಂಟೆ ಹೊಡೆದು ಎಲ್ಲರೂ ತಂತಮ್ಮ ಯುದ್ಧದ ಜಾಗಕ್ಕೆ ಓಡಬೇಕು. ಹೆಚ್ಚಿನವರು ಹದಿನೆಂಟು, ಹತ್ತೊಂಬತ್ತು, ಇಪ್ಪತ್ತರ ಹುಡುಗರು. ಸಮುದ್ರವನ್ನೇ ನೋಡದೆ ಸೇರಿದವರು ಕಡಿಮೆಯೇನಲ್ಲ. ಸ್ನಾನಕ್ಕೆ ನೀರೂ ಲೆಕ್ಕದ್ದು, ಯಾಕೆಂದರೆ ಸಿಹಿನೀರನ್ನು ಹಡಗಿನಲ್ಲೇ ಸಮುದ್ರದ ನೀರು ಕಾಯಿಸಿ ತಯಾರಿಸಬೇಕಿತ್ತು.

ಅಲ್ಲಿಂದ ಅಧಿಕಾರಿಗಳ ಊಟದ ಕೋಣೆಗೆ ಬಂದಾಗ ವ್ಯತ್ಯಾಸ ಗಮನಿಸಿ. ಬಟ್ಟೆ ಹಾಸಿದ ಮೇಜು, ಬಡಿಸಲು ಜನ. ಯುದ್ಧದಲ್ಲಿ ಗಾಯಗೊಂಡವರನ್ನು ಇದೇ ಮೇಜಿನ ಮೇಲೆ ಮಲಗಿಸಿ ಚಿಕಿತ್ಸೆ ಕೊಡುವ ಏರ್ಪಾಡಿತ್ತು. ಊಟ ಬಡಿಸುತ್ತಿದ್ದವರು ಯಾರು ಅಂತ ಗೈಡ್‌ನ ಕೇಳಿ. ಆಗಿನ ಅಮೆರಿಕನ್ ನೌಕಾಪಡೆ ಕಪ್ಪು ಜನರನ್ನು ಬಹುಮಟ್ಟಿಗೆ ಅಧಿಕಾರಿಗಳ ಸೇವೆಯ ಕೆಲಸಕ್ಕೇ ಕಟ್ಟಿಹಾಕಿತ್ತು. ಅದಕ್ಕೆ ಹೊರತಾಗಿ ನಿಂತದ್ದೂ ಒಂದು ಡೆಸ್ಟ್ರಾಯರ್ ಎಸ್ಕಾರ್ಟೇ: 1944ರಲ್ಲಿ ಸೇವೆಗೆ ಬಂದ ಯುಎಸ್‌ಎಸ್ ಮೇಸನ್. ಅದರಲ್ಲಿ 160 ಕಪ್ಪು ನಾವಿಕರು ಎಲ್ಲ ಥರದ ಕೆಲಸವನ್ನೂ ಮಾಡಿದರು. ಆ ವರ್ಷ ಬಿರುಗಾಳಿಯಲ್ಲಿ ಡೆಕ್ ಬಿರುಕು ಬಿಟ್ಟಾಗ ತಾವೇ ಸರಿಮಾಡಿಕೊಂಡು ಬೆಂಗಾವಲಿಗೆ ಮರಳಿದರು. ಆ ಕೆಲಸಕ್ಕೆ ಸಲ್ಲಬೇಕಾದ ಪ್ರಶಂಸೆ ಬಂದದ್ದು ಸುಮಾರು ಐವತ್ತು ವರ್ಷದ ನಂತರ. ಇದು ಕೇಳಿದಾಗ ನನಗೆ ಆ ಮೇಜಿನ ಮೇಲಿನ ಬಟ್ಟೆ ಅಷ್ಟೇನೂ ಬಿಳಿ ಕಾಣಲಿಲ್ಲ.

ಈಗ ಆಯುಧದ ಕಡೆ ಹೋಗಿ, ಆದರೆ ಒಂದು ಪ್ರಶ್ನೆ ಇಟ್ಟುಕೊಂಡು: ನೀರಿನಡಿ ಕಾಣದ ವೈರಿಯನ್ನು ಹೊಡೆಯೋದು ಹೇಗೆ? ಹಿಂಭಾಗದಲ್ಲಿ ಡ್ರಮ್ಮಿನಂಥ ಡೆಪ್ತ್ ಚಾರ್ಜ್‌ಗಳ ಸಾಲು ಕಾಣುತ್ತದೆ. ಎಷ್ಟು ಆಳಕ್ಕೆ ಹೋದಾಗ ಸಿಡಿಯಬೇಕು ಅಂತ ಮೊದಲೇ ಹೊಂದಿಸಿ, ಹಿಂದಿನ ಹಳಿಯಿಂದ ಉರುಳಿಸುತ್ತಿದ್ದರು, ಇಲ್ಲವೇ ಕೆ-ಗನ್ ಅನ್ನುವ ಎಸೆಯುವ ಯಂತ್ರದಿಂದ ಪಕ್ಕಕ್ಕೆ ಎಸೆಯುತ್ತಿದ್ದರು. ತೊಂದರೆ ಏನಪ್ಪಾ ಅಂದರೆ, ಅದನ್ನು ಹಾಕಬೇಕಾದರೆ ಹಡಗು ಜಲಾಂತರ್ಗಾಮಿಯ ತಲೆಯ ಮೇಲೇ ಹಾದುಹೋಗಬೇಕು, ಹತ್ತಿರವಾದಂತೆ ಸೋನಾರ್‌ಗೆ (ನೀರಿನಡಿ ಸದ್ದು ಕಳಿಸಿ, ಅದರ ಪ್ರತಿಧ್ವನಿಯಿಂದ ವೈರಿಯನ್ನು ಹುಡುಕುವ ಸಾಧನಕ್ಕೆ) ಅದು ಸಿಗೋದೇ ಇಲ್ಲ, ಆ ಕೆಲವು ಕ್ಷಣದಲ್ಲಿ ಒಳಗಿನ ಕ್ಯಾಪ್ಟನ್ ತಿರುಗಿ ತಪ್ಪಿಸಿಕೊಳ್ಳಬಹುದು. ಸಿಡಿದ ಮೇಲಂತೂ ಸ್ವಲ್ಪ ಹೊತ್ತು ನೀರೆಲ್ಲ ಗದ್ದಲ, ಸೋನಾರ್ ಕಿವುಡು.

ಉತ್ತರ ಮುಂಭಾಗದಲ್ಲಿದೆ, ಮೊದಲ ತೋಪಿನ ಹಿಂದೆ. ಮುಳ್ಳುಹಂದಿಯ ಹಾಗೆ ನಿಂತ ಮೊಳೆಗಳ ಸಾಲು, ಹೆಸರೂ ಹಾಗೇ, ಹೆಜ್‌ಹಾಗ್. ಬ್ರಿಟಿಷರ ಉಪಾಯ. 24 ಸಣ್ಣ ಬಾಂಬುಗಳನ್ನು ಒಟ್ಟಿಗೆ ಹಡಗಿನ ಮುಂದಕ್ಕೆ ಎಸೆಯುತ್ತದೆ, ಸೋನಾರ್ ಇನ್ನೂ ಹಿಡಿದಿರುವಾಗಲೇ. ತಾಗಿದರೆ ಮಾತ್ರ ಸಿಡಿತ, ತಾಗದಿದ್ದರೆ ಸುಮ್ನೆ ಮುಳುಗುತ್ತವೆ. ಹಾಗಾಗಿ ಸದ್ದು ಕೇಳಿಸಿತು ಅಂದರೆ ಏಟು ಬಿತ್ತು ಅಂತಲೇ ಅರ್ಥ. 1944ರ ಮೇ ತಿಂಗಳಲ್ಲಿ ಯುಎಸ್‌ಎಸ್ ಇಂಗ್ಲೆಂಡ್ ಅನ್ನುವ ಡೆಸ್ಟ್ರಾಯರ್ ಎಸ್ಕಾರ್ಟ್ ಹನ್ನೆರಡು ದಿನದಲ್ಲಿ ಆರು ಜಪಾನಿ ಜಲಾಂತರ್ಗಾಮಿಗಳನ್ನು ಮುಳುಗಿಸಿದ್ದು ಇದರಿಂದಲೇ. ಹಿಂಭಾಗದಿಂದ ಇಲ್ಲಿಯವರೆಗೆ ನಡೆದು ಬಂದರೆ ಒಂದು ಇಡೀ ಯುದ್ಧವಿದ್ಯೆ ಬದಲಾದದ್ದು ಕಾಲಿಗೇ ತಿಳಿಯುತ್ತದೆ.

ಹಡಗು ಇಲ್ಲಿಗೆ ಬಂದ ಕಥೆಯನ್ನೂ ಕೇಳಿ. 1951ರಲ್ಲಿ ಇದನ್ನು ಗ್ರೀಸ್‌ಗೆ ಕೊಟ್ಟರು. ‘ಏಟೋಸ್’, ಅಂದರೆ ಹದ್ದು, ಅನ್ನುವ ಹೆಸರಿನಲ್ಲಿ 1991ರವರೆಗೆ ಅಲ್ಲಿ ದುಡಿಯಿತು. ಆಮೇಲೆ ಡೆಸ್ಟ್ರಾಯರ್ ಎಸ್ಕಾರ್ಟ್‌ಗಳಲ್ಲಿ ಸೇವೆ ಮಾಡಿದ್ದ ಹಳೆಯ ನಾವಿಕರೇ ಸಂಘದ ಮೂಲಕ ಹಣ ಕೂಡಿಸಿ, 1993ರಲ್ಲಿ ನ್ಯೂಯಾರ್ಕ್‌ಗೆ ಎಳೆಸಿಕೊಂಡು ಬಂದರು. 1997ರಲ್ಲಿ ಆಲ್ಬನಿಗೆ ಬಂತು. ತುಕ್ಕು ಕೆರೆದು, ಗುಜರಿಗೆ ಹೋಗಲಿದ್ದ ಬೇರೆ ಹಡಗುಗಳಿಂದ ಸಾಮಾನು ಕಿತ್ತು ತಂದು, ಸ್ವಯಂಸೇವಕರೇ ವರ್ಷಗಟ್ಟಲೆ ದುಡಿದು ಇದನ್ನು ಯುದ್ಧಕಾಲದ ರೂಪಕ್ಕೆ ತಂದಿದ್ದಾರೆ. ಮುದುಕರಾದ ಮೇಲೆ, ಇಪ್ಪತ್ತರಲ್ಲಿ ಬೈದುಕೊಂಡು ತಿಕ್ಕಿದ್ದ ಅಂಥದ್ದೇ ಡೆಕ್ಕನ್ನು ಮತ್ತೆ ಇಷ್ಟಪಟ್ಟು ತಿಕ್ಕಿದರು ನೋಡಿ! ಅಮೆರಿಕದಲ್ಲಿ ಉಳಿದಿರುವ ಇಂಥ ಇನ್ನೊಂದು ಹಡಗು ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿರುವ ಯುಎಸ್‌ಎಸ್ ಸ್ಟುವರ್ಟ್. ಆದರೆ ಅದು ನೆಲದ ಮೇಲಿದೆ, ಸ್ಲೇಟರ್ ಇನ್ನೂ ತೇಲುತ್ತಿದೆ.

ಆಲ್ಬನಿಗೆ ಹೋಗೋಕೆ ಆಗದಿದ್ದರೂ ನಾವಿಕರನ್ನು ಹುಡುಕಬಹುದು. ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಪ್ರತಿ ಹಡಗಿನ ಮಸ್ಟರ್ ರೋಲ್ ಇದೆ, ಅಂದರೆ ಯಾರು ಯಾವ ತಾರೀಖಿಗೆ ಹಡಗು ಸೇರಿದ, ಯಾವ ದರ್ಜೆಯವ ಅನ್ನುವ ಹಾಜರಿ ಪಟ್ಟಿ. ಯುದ್ಧಕಾಲದ ಪಟ್ಟಿಗಳು ಕಂಪ್ಯೂಟರಿನಲ್ಲೇ ನೋಡಲು ಸಿಗುತ್ತವೆ. ಮೊದಲು ಅಲ್ಲಿ ಹೆಸರು ಹಿಡಿಯಿರಿ, ಪಕ್ಕದಲ್ಲೇ ಸೇವಾ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಇಟ್ಟುಕೊಂಡು ಸೇಂಟ್ ಲೂಯಿಸ್ ನಗರದಲ್ಲಿರುವ ಆರ್ಕೈವ್ಸ್‌ನ ಸೇನಾ ಕಡತ ಕೇಂದ್ರದಿಂದ ಆ ನಾವಿಕನ ಕಡತದ ನಕಲು ಕೇಳಬಹುದು. ಸೇವೆ ಬಿಟ್ಟು 62 ವರ್ಷ ಆದವರ ಕಡತ ಯಾರಿಗೆ ಬೇಕಾದರೂ ಕೊಡುತ್ತಾರೆ, ನಕಲಿಗೆ ಶುಲ್ಕ ಇದೆ. 1973ರಲ್ಲಿ ಅಲ್ಲಿ ಬೆಂಕಿ ಬಿದ್ದು ಲಕ್ಷಗಟ್ಟಲೆ ಕಡತ ಸುಟ್ಟವು ಅಂತ ಕೇಳಿ ಹೆದರಬೇಡಿ, ಸುಟ್ಟದ್ದು ಭೂಸೇನೆ ಮತ್ತು ವಾಯುಸೇನೆಯವು.

ಹಡಗಿನ ದಿನಚರಿ, ಅಂದರೆ ಡೆಕ್ ಲಾಗ್ ಸಿಕ್ಕರೆ ಪೂರ್ತಿ ಓದೋಕೆ ಹೋಗಬೇಡಿ, ನಿದ್ದೆ ಬರುತ್ತದೆ: ಇಷ್ಟು ಗಂಟೆಗೆ ಈ ದಿಕ್ಕು, ಇಷ್ಟು ವೇಗ, ಅಷ್ಟೇ. ಜನವರಿ 1ರ ಪುಟಕ್ಕೆ ಹೋಗಿ. ಹೊಸ ವರ್ಷದ ಮೊದಲ ಕಾವಲು, ಮಧ್ಯರಾತ್ರಿಯಿಂದ ನಾಲ್ಕು ಗಂಟೆಯದ್ದು, ಅದರ ವರದಿಯನ್ನು ಪದ್ಯದಲ್ಲಿ ಬರೆಯುವ ಸಂಪ್ರದಾಯ ಅಮೆರಿಕನ್ ನೌಕಾಪಡೆಯಲ್ಲಿದೆ. ಎಲ್ಲ ಹಡಗಿನಲ್ಲೂ, ಎಲ್ಲ ವರ್ಷವೂ ಸಿಗೋದಿಲ್ಲ. ಸಿಕ್ಕರೆ, ಲಂಗರು ಎಲ್ಲಿ ಬಿದ್ದಿದೆ, ಯಾವ ಬಾಯ್ಲರ್ ಉರಿಯುತ್ತಿದೆ ಅನ್ನೋದನ್ನೆಲ್ಲ ಪ್ರಾಸಕ್ಕೆ ಹೊಂದಿಸಲು ಒಬ್ಬ ನಿದ್ದೆಗೆಟ್ಟ ಹುಡುಗ ಒದ್ದಾಡಿರುವುದು ಕಾಣುತ್ತದೆ.