ಕಳವಾದಿಂದ ಕೋಪರ್‌ವರೆಗೆ

ನಾನು ಮುಂಬೈ ಪಕ್ಕದ ಠಾಣೆ ಊರಿನಲ್ಲಿ ಕೌನ್ಸೆಲರ್. ಸಾವು ಕಂಡ ಮನೆಯವರ ಜೊತೆ ಕೂತು ಮಾತಾಡುವುದೇ ಹನ್ನೆರಡು ವರ್ಷದಿಂದ ನನ್ನ ಕೆಲಸ. ಊರಲ್ಲಿ ಅಮ್ಮ ತೀರಿಕೊಂಡಾಗ ಓದಿದ್ದೆಲ್ಲ ಮೊದಲು ಉಪದ್ರವೇ ಕೊಟ್ಟಿತು.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ಊಟದ ದಿನ, ಒಂದು ತೊಟ್ಟು ಕಣ್ಣೀರು ಬರಲಿಲ್ಲ. ಬಾಳೆಎಲೆ ಎಷ್ಟಿವೆ, ಪಾಯಸ ಸಾಲುತ್ತದಾ ಅಂತ ಓಡಾಡುತ್ತಿದ್ದೆ. ದೊಡ್ಡಮ್ಮ "ಒಮ್ಮೆ ಅತ್ತುಬಿಡು ಮಗಾ" ಅಂದರು. ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ. ಇದು ನಿರಾಕರಣೆಯ ಹಂತವಾ? ಸಿಟ್ಟು ಯಾವಾಗ ಬರುತ್ತದೆ? ದುಃಖಕ್ಕೆ ನಿರಾಕರಣೆ, ಸಿಟ್ಟು ಹೀಗೆ ಐದು ಹಂತ ಅಂತಾರಲ್ಲ, ಅವನ್ನು ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಬರೆದದ್ದು ಸಾಯುವ ಕಾಯಿಲೆಯಲ್ಲಿದ್ದವರನ್ನು ಮಾತಾಡಿಸಿ. ಸತ್ತವರ ಮನೆಯವರನ್ನು ನೋಡಿ ಅಲ್ಲ. ಇದನ್ನು ನಾನೇ ಎಷ್ಟೋ ಜನರಿಗೆ ಹೇಳಿದ್ದೆ, ನೋಡಿ!

ಅಳು ಬಂದದ್ದು ಮೂರು ವಾರ ಕಳೆದು, ಠಾಣೆ ಸ್ಟೇಷನ್ನಿನಲ್ಲಿ. ಸಂಜೆ ಏಳಕ್ಕೆ ಅಮ್ಮನ ಫೋನ್ ಬರುತ್ತಿತ್ತು. "ಗಾಡಿ ಸಿಕ್ಕಿತಾ? ಕೂರ್ಲಿಕ್ಕೆ ಜಾಗ ಉಂಟಾ?" ಅಷ್ಟೇ. ಆ ಹೊತ್ತಿಗೆ ಕೈ ತಾನಾಗಿ ಬ್ಯಾಗಿಗೆ ಹೋಯಿತು.

ನೆದರ್ಲೆಂಡಿನ ಸಂಶೋಧಕರಾದ ಸ್ಟ್ರೋಬ, ಶುಟ್ ಇಬ್ಬರೂ 1999ರಲ್ಲಿ ಹೇಳಿದ್ದು ಆಗ ನೆನಪಾಯಿತು. ದುಃಖದಲ್ಲಿರುವವರು ಒಮ್ಮೆ ನೋವಿನ ಕಡೆ, ಒಮ್ಮೆ ಮನೆಗೆಲಸ ಕಾಗದಪತ್ರದ ಕಡೆ ಹೋಗಿ ಬಂದು ಮಾಡುತ್ತಿರುತ್ತಾರೆ, ಎರಡೂ ಬೇಕು. ಹಾಗಾದರೆ ಎಲೆ ಎಣಿಸಿದ್ದು ತಪ್ಪಲ್ಲ, ಅಲ್ವಾ?

ಇದನ್ನು ರೈಲಿಗೆ ಹೊಂದಿಸಿಕೊಂಡೆ. ಮನೆಗೆ ಹೋಗುವಾಗ ಫಾಸ್ಟ್ ಬಿಟ್ಟು, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ಹಿಡಿದೆ. ಕಳವಾ, ಮುಂಬ್ರಾ, ದಿವಾ, ಕೋಪರ್. ಅಷ್ಟು ಹೊತ್ತು ಅಮ್ಮನದು. ಹಳೇ ವಾಯ್ಸ್ ಮೆಸೇಜ್ ಕೇಳುವುದು, ಅಳು ಬಂದರೆ ಅಳುವುದು. ಡೊಂಬಿವಲಿಯಲ್ಲಿ ಇಳಿದ ಮೇಲೆ ಸೊಪ್ಪು, ಹಾಲು, ಮಗನ ಹೋಂವರ್ಕ್, ಅಮ್ಮನ ಪಾಸ್‌ಬುಕ್. ದುಃಖವೇನು ಟೈಮ್‌ಟೇಬಲ್ ನೋಡಿ ಬರುವುದಿಲ್ಲ. ಗಸಿಗೆ ಕಾಯಿ ತುರಿಯುವಾಗಲೂ ಬಂತು. ಆದರೂ ಸಂಜೆ ಅದಕ್ಕೊಂದು ಹೊತ್ತುಂಟು ಅಂತ ಗೊತ್ತಿದ್ದರೆ ಹಗಲು ದೂಡಬಹುದು.

ಒಂದು ಸಂಜೆ ಲೇಡೀಸ್ ಡಬ್ಬದಲ್ಲಿ ಎದುರು ಕೂತ ಹೆಂಗಸು ಬಟಾಣಿ ಸುಲಿಯುತ್ತಿದ್ದರು. ನನ್ನ ಮುಖ ನೋಡಿದರು. ಏನಾಯಿತು ಅಂತ ಕೇಳಲಿಲ್ಲ. ಒಂದು ಮುಷ್ಟಿ ಕಾಯಿ ನನ್ನ ಮಡಿಲಿಗೆ ಹಾಕಿದರು. ದಿವಾ ಬರುವಷ್ಟರಲ್ಲಿ ಸುಲಿದು ಅವರ ಚೀಲಕ್ಕೆ ಹಾಕಿದೆ. ನಾನಾಗಿದ್ದರೆ ಏನಾದರೂ ಕೇಳಿಯೇ ಕೇಳುತ್ತಿದ್ದೆ. ಕೆಲಸದ ಚಾಳಿ.

ಎಲ್ಲರಿಗೂ ಇಷ್ಟು ಸಾಕಾಗುವುದಿಲ್ಲ. ಆರು ತಿಂಗಳು ದಾಟಿದರೂ ಹಂಬಲ ಚೂರೂ ತಗ್ಗದೆ, ದಿನದ ಬದುಕೇ ನಿಂತುಹೋಗಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ ಈಗ ಇದನ್ನು ಬೇರೆಯೇ ತೊಂದರೆ ಅಂತ ಗುರುತಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲೂ ರಾತ್ರಿ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ.

ಈಗ ಕೆಲವು ದಿನ ಫಾಸ್ಟ್ ಹತ್ತುತ್ತೇನೆ. ಅಮ್ಮನ ನಂಬರಿಗೆ ರೀಚಾರ್ಜ್ ಮಾಡುವುದನ್ನೂ ನಿಲ್ಲಿಸಿದ್ದೆ. ಮೊನ್ನೆ ವಾಟ್ಸ್‌ಆ್ಯಪಿನಲ್ಲಿ 'ಅಮ್ಮ' ಅನ್ನುವ ಹೆಸರಿನ ಪಕ್ಕ ಯಾರೋ ಹುಡುಗನ ಬೈಕಿನ ಫೋಟೋ ಕಂಡಿತು. ಹೆಸರು ಇನ್ನೂ ಹಾಗೇ ಇದೆ.