ನೂರು ರೂಪಾಯಿ ಡಬ್ಬಿಗಾಗಿ ಜೆ.ಸಿ. ರೋಡ್ ಸುತ್ತಿದ್ದು

ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಇಂಜಿನ್‌ನಿಂದ ಟಕಟಕಟಕ ಅಂತ ಸದ್ದು. ಮೂರು ನಾಲ್ಕು ಸೆಕೆಂಡ್, ಅಷ್ಟೇ. ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಸುಮ್ಮನಾಗುತ್ತಿತ್ತು. ದಾರಿಯಲ್ಲಿ ಪೆಟ್ರೋಲ್ ಹಾಕಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಸದ್ದಿಲ್ಲ. ಮರುದಿನ ಬೆಳಗ್ಗೆ ಮತ್ತೆ ಟಕಟಕ. ನನ್ನದು 2014ರ ಚಿಕ್ಕ ಪೆಟ್ರೋಲ್ ಕಾರು. ವಯಸ್ಸಾಯ್ತು, ಮಂಡಿ ನೋವು ಇದ್ದ ಹಾಗೆ ಇದೂ ಒಂದು ಅಂದುಕೊಂಡು ಎರಡು ವಾರ ಓಡಿಸಿದೆ.

ಅದಕ್ಕೆ ಸ್ವಲ್ಪ ದಿನ ಮುಂಚೆ ಆಫೀಸ್ ಹತ್ತಿರದ ಒಂದು ಗ್ಯಾರೇಜಲ್ಲಿ ಆಯಿಲ್ ಬದಲಾಯಿಸಿದ್ದೆ. ನಾನು ಕ್ಯಾಬಿನ್‌ನಲ್ಲಿ ಫೋನ್ ನೋಡುತ್ತಾ ಕೂತಿದ್ದೆ. ಯಾವ ಆಯಿಲ್ ಫಿಲ್ಟರ್, ಅಂದರೆ ಇಂಜಿನ್ ಆಯಿಲ್ ಸೋಸುವ ಡಬ್ಬಿ, ಹಾಕಿದರು ಅಂತ ಕೇಳಲೂ ಇಲ್ಲ. ಆಯಿಲ್ ಯಾವುದು, ಎಷ್ಟು ಗ್ರೇಡು ಅಂತ ಹತ್ತು ಸಲ ಕೇಳುವ ನಾವು ಫಿಲ್ಟರ್ ವಿಷಯ ಬಂದರೆ "ಯಾವುದೋ ಒಂದು ಹಾಕಿ" ಅಂತೀವಿ, ಅಲ್ವಾ?

ಕೊನೆಗೆ ಬನಶಂಕರಿಯಲ್ಲಿ ನಮ್ಮ ಮನೆ ಹತ್ತಿರದ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಸದ್ದು ಹೇಗೆ ಬರುತ್ತೆ ಅಂತ ಬಾಯಲ್ಲೇ ಮಾಡಿ ತೋರಿಸಿದೆ. ಅವರು ಬಾನೆಟ್ ಎತ್ತಲಿಲ್ಲ. "ರಾತ್ರಿ ಗಾಡಿ ಇಲ್ಲೇ ಬಿಟ್ಟು ಹೋಗಿ ಸಾರ್, ಬೆಳಗ್ಗೆ ಸ್ಟಾರ್ಟ್ ಮಾಡದೆ ಬಿಚ್ಚೋಣ" ಅಂದರು.

ಬೆಳಗ್ಗೆ ಹೋದೆ. ಅವರು ಅಡಿಗೆ ನುಗ್ಗಿ ಫಿಲ್ಟರ್ ತಿರುಗಿಸಿ ತೆಗೆದು ನನ್ನ ಕೈಗೆ ಕೊಟ್ಟರು. ಹಗುರ ಇತ್ತು. ಬಗ್ಗಿಸಿದರೆ ನಾಲ್ಕು ತೊಟ್ಟು ಆಯಿಲ್ ಬಿತ್ತು. "ಒಳ್ಳೇ ಫಿಲ್ಟರ್ ಆಗಿದ್ರೆ ನಿಮ್ಮ ಅಂಗಿ ಹಾಳಾಗಿರೋದು ಸಾರ್" ಅಂತ ನಕ್ಕರು.

ವಿಷಯ ಇಷ್ಟು. ಫಿಲ್ಟರ್ ಬಾಯಲ್ಲಿ ಸುತ್ತಲೂ ಸಣ್ಣ ತೂತುಗಳು, ನಡುವೆ ಥ್ರೆಡ್ (ತಿರುಗಿಸಿ ಕೂರಿಸುವ ಸುರುಳಿ ಗೆರೆ) ಇರುವ ಒಂದು ದೊಡ್ಡ ತೂತು ಇರುತ್ತವೆ. ಪಂಪ್ ತಳ್ಳಿದ ಆಯಿಲ್ ಸಣ್ಣ ತೂತುಗಳಿಂದ ಒಳಗೆ ಹೋಗಿ, ಕಾಗದದಲ್ಲಿ ಸೋಸಿಕೊಂಡು, ನಡುವಿನ ತೂತಿಂದ ಇಂಜಿನ್‌ಗೆ ಬರುತ್ತದೆ. ಆ ಸಣ್ಣ ತೂತುಗಳ ಹಿಂದೆ ಒಂದು ರಬ್ಬರ್ ಬಿಲ್ಲೆ ಇದೆ. ಇಂಜಿನ್ ನಿಂತಾಗ ಅದು ತೂತುಗಳನ್ನು ಮುಚ್ಚಿಕೊಂಡು, ಆಯಿಲ್ ವಾಪಸ್ ಇಂಜಿನ್ ಅಡಿಯ ಚೇಂಬರ್‌ಗೆ ಇಳಿದು ಹೋಗದಂತೆ ತಡೆಯುತ್ತದೆ. ಆ ರಬ್ಬರ್ ಸರಿಯಾಗಿ ಕೂರದಿದ್ದರೆ ರಾತ್ರಿಯೆಲ್ಲಾ ಆಯಿಲ್ ನಿಧಾನಕ್ಕೆ ಇಳಿದು ಫಿಲ್ಟರ್ ಖಾಲಿ. ಬೆಳಗ್ಗೆ ಪಂಪ್ ಮೊದಲು ಆ ಡಬ್ಬಿ ತುಂಬಿಸಬೇಕು. ಅಷ್ಟು ಹೊತ್ತು ಇಂಜಿನ್ ಮೇಲ್ಭಾಗಕ್ಕೆ ಆಯಿಲ್ ಇಲ್ಲ. ಟಕಟಕ ಅದರ ಸದ್ದು. ಎಲ್ಲಾ ಗಾಡಿಯಲ್ಲೂ ಹೀಗಾಗಲ್ಲ. ಫಿಲ್ಟರ್ ಬಾಯಿ ಮೇಲೆ ಮಾಡಿ ನೆಟ್ಟಗೆ ಕೂತಿದ್ದರೆ ಆಯಿಲ್ ಅಲ್ಲೇ ನಿಲ್ಲುತ್ತದೆ. ನನ್ನ ಗಾಡಿಯಲ್ಲಿ ಅಡ್ಡಡ್ಡ ಕೂರುತ್ತದೆ.

ಮೆಕ್ಯಾನಿಕ್‌ಗೂ ಕುತೂಹಲ. ಆ ಫಿಲ್ಟರನ್ನು ವೈಸ್‌ಗೆ ಕಚ್ಚಿಸಿ ಹ್ಯಾಕ್ಸಾದಲ್ಲಿ ಕತ್ತು ಕೊಯ್ದರು. ಪಕ್ಕದಲ್ಲೇ ಬೇರೆ ಯಾರದೋ ಗಾಡಿಯಿಂದ ಬಿಚ್ಚಿದ ಒರಿಜಿನಲ್ ಒಂದನ್ನೂ ಕೊಯ್ದರು. ಒರಿಜಿನಲ್‌ನಲ್ಲಿ ಕಾಗದದ ಮಡಿಕೆಗಳು ಇಸ್ತ್ರಿ ಮಾಡಿದ ಸೀರೆ ನೆರಿಗೆ ಥರ ಒಂದೇ ಸಮ ಇದ್ದವು. ನನ್ನದರಲ್ಲಿ ಒಂದು ಕಡೆ ನಾಲ್ಕೈದು ನೆರಿಗೆ ಒಟ್ಟಿಗೆ ಅಂಟಿಕೊಂಡಿದ್ದವು. ಇನ್ನೊಂದು ಕಡೆ ಬೆರಳು ತೂರುವಷ್ಟು ಜಾಗ. ತುದಿಯಲ್ಲಿ ಅಂಟು ಬಿಟ್ಟಿತ್ತು. ಅಂದರೆ ಆಯಿಲ್ ಸೋಸಿಕೊಳ್ಳದೆ ಸಂದಿಯಲ್ಲೇ ನುಸುಳಿ ಹೋಗುತ್ತಿತ್ತು. ರಬ್ಬರ್ ಬಿಲ್ಲೆಯಂತೂ ಹಳೇ ಹವಾಯಿ ಚಪ್ಪಲಿ ಥರ ಗಟ್ಟಿಯಾಗಿ, ಅಂಚು ಮೇಲಕ್ಕೆದ್ದಿತ್ತು. ಹಾಕಿ ಒಂದು ತಿಂಗಳೂ ಆಗಿರಲಿಲ್ಲ.

ಅವತ್ತಿಂದ ಫಿಲ್ಟರ್ ನಾನೇ ಕೊಂಡು ಕೊಡುತ್ತೇನೆ. ಹಾಕುವುದು ಅವರು.

ಕೊಳ್ಳುವುದಕ್ಕೆ ಜೆ.ಸಿ. ರೋಡ್, ಬೆಂಗಳೂರಲ್ಲಿ ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಬೀದಿ. ಗಾಡಿ ತಗೊಂಡು ಹೋದರೆ ನಿಲ್ಲಿಸಲು ಜಾಗ ಸಿಗಲ್ಲ. ಬನಶಂಕರಿಯಿಂದ ಹಸಿರು ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು, ಟೌನ್ ಹಾಲ್ ದಾಟಿ ನಡೆದುಬಿಡುತ್ತೇನೆ. ಮೊದಲ ಸಲ ಹೋದಾಗ ಅಂಗಡಿಯವರು ಕೇಳಿದ ಪ್ರಶ್ನೆ: "ಒರಿಜಿನಲ್ಲಾ, ಕಂಪನೀದಾ, ಲೋಕಲ್ಲಾ ಸಾರ್?" ಒರಿಜಿನಲ್ ಅಂದರೆ ಕಾರು ತಯಾರಕರ ಹೆಸರಲ್ಲಿ ಬರುವುದು. ಕಂಪನಿ ಅಂದರೆ ಬಾಷ್, ಮಾಹ್ಲೆ, ಪ್ಯೂರೊಲೇಟರ್ ಥರದ್ದು. ಲೋಕಲ್ ಅಂದರೆ ನನ್ನ ಗಾಡಿಯಲ್ಲಿ ಟಕಟಕ ಅಂದದ್ದು.

ಮೊದಲ ಎರಡರಲ್ಲಿ ಯಾವುದಾದರೂ ನನಗೆ ಸರಿಯೇ. ಆದರೆ ಪಾರ್ಟ್ ನಂಬರ್ ಬರೆದುಕೊಂಡೇ ಹೋಗುತ್ತೇನೆ. ಹಳೇ ಫಿಲ್ಟರ್ ತೋರಿಸಿ "ಇಂಥದ್ದೇ ಕೊಡಿ" ಅನ್ನುವುದು ಮೋಸದ ದಾರಿ. ಯಾಕೆಂದರೆ ಹೊರಗಿನ ಅಳತೆ, ಥ್ರೆಡ್ ಎರಡೂ ಒಂದೇ ಇರುವ ಫಿಲ್ಟರ್‌ಗಳು ಬೇಕಾದಷ್ಟಿವೆ, ಆದರೆ ಒಳಗಿನ ಬೈಪಾಸ್ ವಾಲ್ವ್ ಬೇರೆ ಇರಬಹುದು. ಕಾಗದ ಕಟ್ಟಿಕೊಂಡಾಗ, ಅಥವಾ ಚಳಿಗೆ ಆಯಿಲ್ ಮಂದವಾದಾಗ, ಆ ವಾಲ್ವ್ ತೆರೆದು ಸೋಸದ ಆಯಿಲನ್ನೇ ಇಂಜಿನ್‌ಗೆ ಬಿಡುತ್ತದೆ. ಆಯಿಲ್ಲೇ ಇಲ್ಲದಿರುವುದಕ್ಕಿಂತ ಕೊಳಕು ಆಯಿಲ್ ವಾಸಿ, ಅದಕ್ಕೆ. ಎಷ್ಟು ಒತ್ತಡಕ್ಕೆ ತೆರೆಯಬೇಕು ಅಂತ ಇಂಜಿನ್ ಮಾಡಿದವರು ಲೆಕ್ಕ ಹಾಕಿರುತ್ತಾರೆ. ಬೇಗ ತೆರೆದರೆ ಸೋಸುವುದೇ ಇಲ್ಲ, ತಡವಾಗಿ ತೆರೆದರೆ ಇಂಜಿನ್ ಒಣಗುತ್ತದೆ.

ತುಂಬಾ ಸಣ್ಣದಾಗಿ ಸೋಸುವ ಫಿಲ್ಟರ್ರೇ ಒಳ್ಳೇದು ಅಂತ ಒಬ್ಬ ಗೆಳೆಯ ವಾದ ಮಾಡುತ್ತಿದ್ದ. ಮನೆಯಲ್ಲಿ ಕಾಫಿ ಪುಡಿ ತೀರಾ ನುಣ್ಣಗಿದ್ದು, ಮೇಲಿಂದ ಒತ್ತಿಟ್ಟರೆ ಡಿಕಾಕ್ಷನ್ ಇಳಿಯುತ್ತಾ ಅಂತ ಕೇಳಿದೆ. ಸುಮ್ಮನಾದ. ಸಣ್ಣ ಕಸ ಹಿಡಿಯಬೇಕು, ಆಯಿಲೂ ಸಲೀಸಾಗಿ ಹರಿಯಬೇಕು. ಎರಡೂ ಆಗಬೇಕಾದರೆ ಕಾಗದ ಜಾಸ್ತಿ ಇರಬೇಕು, ನೆರಿಗೆ ಚೆನ್ನಾಗಿರಬೇಕು. ಲೋಕಲ್‌ನವರು ಉಳಿಸುವುದು ಅಲ್ಲೇ.

ಅಂಗಡಿಯಲ್ಲಿ ಡಬ್ಬಿ ಬಿಚ್ಚಿಸಿ ನೋಡುತ್ತೇನೆ. ಕೆಲವರು ಮುಖ ಸಿಂಡರಿಸುತ್ತಾರೆ, ಪರವಾಗಿಲ್ಲ. ಸಣ್ಣ ತೂತಿನೊಳಗೆ ರೀಫಿಲ್ ತುದಿಯಿಂದ ಮೆಲ್ಲಗೆ ಒತ್ತಿದರೆ ರಬ್ಬರ್ ಬಳುಕಿ ಮತ್ತೆ ತಟ್ಟನೆ ಮುಚ್ಚಿಕೊಳ್ಳಬೇಕು. ಕೆಂಪು, ಕಿತ್ತಳೆ ಬಣ್ಣದ್ದು ಸಾಮಾನ್ಯವಾಗಿ ಸಿಲಿಕೋನ್. ಬಿಸಿಗೆ ಬೇಗ ಗಟ್ಟಿಯಾಗಲ್ಲ. ಕಪ್ಪು ನೈಟ್ರೈಲ್ ರಬ್ಬರ್ ಕೆಟ್ಟದ್ದೇನಲ್ಲ, ಹೊತ್ತಿಗೆ ಸರಿಯಾಗಿ ಬದಲಾಯಿಸಿದರೆ ಸಾಕು. ಥ್ರೆಡ್‌ನಲ್ಲಿ ಕಬ್ಬಿಣದ ಪುಡಿ ಇದ್ದರೆ ವಾಪಸ್. ಆ ಕಡೆ ಸೋಸಿದ ಆಯಿಲ್ ಹೋಗುವ ದಾರಿ, ಪುಡಿ ನೇರ ಬೇರಿಂಗ್‌ಗೇ ಹೋಗುತ್ತದೆ. ಡಬ್ಬಿ ಮೇಲಿನ ಅಕ್ಷರ ಮಸುಕಾಗಿದ್ದರೆ, ಡಬ್ಬಿ ನಂಬರ್ ಒಂದು ಫಿಲ್ಟರ್ ಮೇಲಿನ ನಂಬರ್ ಇನ್ನೊಂದು ಇದ್ದರೆ, ಎದ್ದು ಬರುವುದು ವಾಸಿ. ಎಷ್ಟೇ ದೊಡ್ಡ ಹೆಸರಿದ್ದರೂ ಡೂಪ್ಲಿಕೇಟ್ ಬರುತ್ತದೆ. ಬಿಲ್ ಕೊಡಿ ಅಂದ ಕೂಡಲೇ "ಬಿಲ್ ಬೇಕಾ?" ಅಂತ ಒಳಗೆ ಹೋಗಿ ಬೇರೆ ಡಬ್ಬಿ ತಂದ ಅಂಗಡಿಯನ್ನೂ ನೋಡಿದ್ದೇನೆ.

ದುಡ್ಡಿನ ಲೆಕ್ಕ ನೋಡಿದರೆ ನಗು ಬರುತ್ತದೆ. ನನ್ನ ಗಾಡಿಗೆ ಒಳ್ಳೇದಕ್ಕೂ ಲೋಕಲ್‌ಗೂ ಇರುವ ವ್ಯತ್ಯಾಸ ಎರಡು ಮಸಾಲೆ ದೋಸೆಯಷ್ಟೂ ಇಲ್ಲ.

ಇನ್ನು ಎಷ್ಟು ದಿನಕ್ಕೆ ಬದಲಾಯಿಸುವುದು? ನನ್ನ ಗಾಡಿ ಜೊತೆ ಬಂದ ಪುಸ್ತಕದಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ ಅಂತಿದೆ. ಆದರೆ ನಾನು ಟ್ರಾಫಿಕ್ ಜಾಮ್‌ಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಕೆಲಸಕ್ಕೆ ಹೋಗುವವನು. ವರ್ಷಕ್ಕೆ ಹೆಚ್ಚೂಕಡಿಮೆ 8,000 ಕಿಲೋಮೀಟರ್ ಓಡಿಸುತ್ತೇನೆ. ಸರಾಸರಿ ವೇಗ ಗಂಟೆಗೆ 16 ಕಿಲೋಮೀಟರ್. ಅಂದರೆ ಇಂಜಿನ್ 500 ಗಂಟೆ ಓಡಿತು. ಅದೇ 500 ಗಂಟೆ ತುಮಕೂರು ರಸ್ತೆಯಲ್ಲಿ 60ರಲ್ಲಿ ಹೋಗಿದ್ದರೆ 30,000 ಕಿಲೋಮೀಟರ್! ಮೀಟರ್ ನಿಂತರೂ ಆಯಿಲ್ ಸುತ್ತುತ್ತಲೇ ಇರುತ್ತದೆ. ಅದಕ್ಕೇ ನಾನು 5,000ಕ್ಕೆ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸುತ್ತೇನೆ. ಮೆಕ್ಯಾನಿಕ್ ಇದು ಜಾಸ್ತಿ ಆಯ್ತು ಅಂತಾರೆ. ಇರಲಿ.

ಹಾಕುವಾಗ ಪಕ್ಕದಲ್ಲಿ ನಿಲ್ಲುತ್ತೇನೆ. ಹಳೇ ಫಿಲ್ಟರ್‌ನ ರಬ್ಬರ್ ರಿಂಗ್ ಇಂಜಿನ್‌ಗೆ ಅಂಟಿ ಉಳಿದಿಲ್ಲ ತಾನೆ ಅಂತ ಟಾರ್ಚ್ ಹಾಕಿ ನೋಡುವುದು ನನ್ನ ಕೆಲಸ. ಅದರ ಮೇಲೇ ಹೊಸದು ಕೂರಿಸಿದರೆ ಎರಡು ರಿಂಗ್ ಆಗಿ ಆಯಿಲ್ ಚಿಮ್ಮುತ್ತದೆ. ಹೊಸ ರಿಂಗ್‌ಗೆ ಬೆರಳಲ್ಲಿ ಒಂಚೂರು ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು. ಸ್ಪ್ಯಾನರ್ ಹಾಕಿ ಬಿಗಿದರೆ ಮುಂದಿನ ಸಲ ಬಿಚ್ಚುವವರ ಬೈಗುಳ ಗ್ಯಾರಂಟಿ.

ಹೊಸ ಫಿಲ್ಟರ್ ಹಾಕಿದ ಮರುದಿನ ಬೆಳಗ್ಗೆ ಕಿವಿ ನಿಮಿರಿಸಿಕೊಂಡು ಕೀ ತಿರುಗಿಸಿದೆ. ಕೆಂಪು ಆಯಿಲ್ ದೀಪ ತಕ್ಷಣ ಆರಿತು. ಟಕಟಕ ಇಲ್ಲ. ಇನ್ನೊಂದು ಸಲ ಕೇಳಿಸಿಕೊಳ್ಳೋಣ ಅಂತ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡುವಷ್ಟರಲ್ಲಿ ಮನೆಯವಳು ಬಾಗಿಲಿಗೆ ಬಂದು, "ಏನ್ರೀ, ಗಾಡಿ ಮತ್ತೆ ಕೆಟ್ಟೋಯ್ತಾ?" ಅಂದಳು.