ಮಂಡಿ ನೋವಿನವಳ ಕ್ಯಾಂಟರ್‌ಬರಿ

ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿನ ಕ್ಯಾಂಟರ್‌ಬರಿಗೆ ಹೋದವಳು ನಾನು. ಜೊತೆಗೆ ನಮ್ಮವರು. ಏಪ್ರಿಲ್‌ನಿಂದ ಐದು ತಿಂಗಳು ಅಲ್ಲಿದ್ದೆವು. ಹೊರಡುವ ಮೊದಲು ಕುಮಟಾದಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, "ಮಂಡಿ ಸವೆದಿದೆ. ಹತ್ತೋದು ಇಳಿಯೋದು ಕಡಿಮೆ ಮಾಡಿ, ಆದರೆ ನಡೆಯೋದು ಮಾತ್ರ ಬಿಡಬೇಡಿ" ಎಂದಿದ್ದರು. ಬೆಳಿಗ್ಗೆ ಎಣ್ಣೆ ನೀರು, ಅಡುಗೆ ಎಲ್ಲ ಮುಗಿಸಿ ಮಗು ಮಲಗಿದ ಮೇಲೆ ಎರಡು ಗಂಟೆ ಬಿಡುವು ಸಿಗುತ್ತಿತ್ತು. ಆ ಎರಡು ಗಂಟೆಗೆ ಸರಿಹೋಗುವ ಹಾಗೆ ನಾನೇ ದಾರಿಗಳನ್ನು ಹುಡುಕಿಕೊಂಡೆ.

ಮೊದಲ ವಾರ ಒಂದು ತಪ್ಪು ಮಾಡಿದೆ. ಊರು ಚಿಕ್ಕದು, ಒಂದೇ ದಿನ ಎಲ್ಲ ನೋಡಿಬಿಡೋಣ ಅಂತ ಹೊರಟೆವು. ರಾತ್ರಿ ಮಂಡಿ ಊದಿಕೊಂಡಿತು. ಮಾರನೇ ದಿನ ಬಾಣಂತಿಯೇ ನನಗೆ ಐಸ್ ತಂದುಕೊಟ್ಟಳು! ಆಮೇಲೆ ನನ್ನ ಲೆಕ್ಕ ಬದಲಾಯಿತು. ಎಷ್ಟು ದೂರ ಅಂತ ನೋಡುವುದನ್ನು ಬಿಟ್ಟೆ. ಎಲ್ಲಿ ಕೂರಬಹುದು, ಎಲ್ಲಿ ಶೌಚಾಲಯ ಇದೆ, ಸಾಕು ಅನಿಸಿದರೆ ಎಲ್ಲಿಂದ ವಾಪಸ್ ತಿರುಗಬಹುದು, ಇಷ್ಟು ಮಾತ್ರ ನೋಡತೊಡಗಿದೆ.

ಊರಿನ ಕೋಟೆಗೋಡೆಯ ದಾರಿ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ರೋಮನ್ನರು ಹಾಕಿದ ಬುನಾದಿಯ ಮೇಲೆ ಮಧ್ಯಯುಗದಲ್ಲಿ ಮತ್ತೆ ಕಟ್ಟಿದ ಗೋಡೆ ಇದು. ಅರ್ಧಕ್ಕಿಂತ ಜಾಸ್ತಿ ಇನ್ನೂ ನಿಂತಿದೆ. ಡೇನ್ ಜಾನ್ ಎಂಬ ಪಾರ್ಕಿನ ಪಕ್ಕ ಗೋಡೆಯ ಮೇಲೆಯೇ ನಡೆಯಬಹುದು. ಒಂದು ಕಡೆ ಕೆಳಗೆ ವಾಹನಗಳ ಓಡಾಟ, ಇನ್ನೊಂದು ಕಡೆ ಸಾಲಾಗಿ ನಿಂತ ಲೈಮ್ ಮರಗಳು. ಹೆಸರು ಕೇಳಿ ನಿಂಬೆ ಮರ ಅಂದುಕೊಂಡಿದ್ದೆ. ಅದಕ್ಕೂ ನಿಂಬೆಗೂ ಏನೂ ಸಂಬಂಧವಿಲ್ಲ. ಪಾರ್ಕಿನಲ್ಲಿ ಒಂದು ದಿಬ್ಬವಿದೆ. ರೋಮನ್ನರ ಕಾಲದಲ್ಲಿ ಹೆಣ ಹೂಳಲು ಎಬ್ಬಿಸಿದ್ದಂತೆ. ಸುತ್ತಿ ಸುತ್ತಿ ಹತ್ತುವ ದಾರಿ ಇದೆ. ನಮ್ಮವರು ಹತ್ತಿದರು, ನಾನು ಕೆಳಗೆ ಬೆಂಚಿನಲ್ಲಿ ಕೂತು ಚುರುಮುರಿ ತಿಂದೆ.

ಇನ್ನೊಂದು ದಾರಿ ನದಿಯ ಪಕ್ಕದ್ದು. ಊರ ನಡುವೆ ಹರಿಯುವ ನದಿಯ ಹೆಸರು ಸ್ಟೌರ್. ನದಿ ಅಂದರೆ ನಾವು ಅಘನಾಶಿನಿ ನೋಡಿದವರು. ಇದು ನಮ್ಮ ಕಣ್ಣಿಗೆ ಹಳ್ಳ. ಆದರೆ ನೀರು ಎಷ್ಟು ತಿಳಿ ಅಂದರೆ ತಳದ ಪಾಚಿ ಬಾಚಿದ ಕೂದಲ ಹಾಗೆ ಕಾಣುತ್ತದೆ. ವೆಸ್ಟ್‌ಗೇಟ್ ಹೆಬ್ಬಾಗಿಲಿನಿಂದ ಶುರು ಮಾಡಿದರೆ ಪೂರ್ತಿ ಸಮತಟ್ಟು. 1380ರ ಆಸುಪಾಸಿನ ಬಾಗಿಲದು. ಇಂಗ್ಲೆಂಡಿನಲ್ಲಿ ಉಳಿದಿರುವ ಮಧ್ಯಯುಗದ ನಗರದ್ವಾರಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಪಕ್ಕದ ತೋಟದಲ್ಲಿ ಆನೆಕಾಲು ರೋಗ ಬಂದವರ ಕಾಲಿನ ಹಾಗೆ ಬುಡ ಉಬ್ಬಿದ ಒಂದು ಪ್ಲೇನ್ ಮರವಿದೆ. ಅದರ ಎದುರು ನಾನು ದಿನಾ ಹತ್ತು ನಿಮಿಷ ಕೂರುತ್ತಿದ್ದೆ.

ಮಳೆ ಬಂದರೆ ಹೈಸ್ಟ್ರೀಟಿನ ಬೀನಿ ಎಂಬ ಕಟ್ಟಡಕ್ಕೆ ನುಗ್ಗುತ್ತಿದ್ದೆವು. ಲೈಬ್ರರಿ, ಮ್ಯೂಸಿಯಂ ಎರಡೂ ಅಲ್ಲೇ, ದುಡ್ಡು ಕೊಡಬೇಕಿಲ್ಲ. ಇದೇ ಊರಲ್ಲಿ 1803ರಲ್ಲಿ ಹುಟ್ಟಿದ ಸಿಡ್ನಿ ಕೂಪರ್ ಎಂಬವನ ಚಿತ್ರಗಳು ಅಲ್ಲಿವೆ. ಅವನು ಬಿಡಿಸಿದ್ದರಲ್ಲಿ ಹಸುಗಳೇ ಜಾಸ್ತಿ. ಮನೆಯಲ್ಲಿ ದನ ಸಾಕಿ ಬೆಳೆದ ನಮ್ಮವರು ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಇದು ಗಬ್ಬದ ಹಸು" ಎಂದು ತೀರ್ಪು ಕೊಟ್ಟರು.

ಊರಿನ ದೊಡ್ಡ ಚರ್ಚು ಕ್ಯಾಥೆಡ್ರಲ್‌. ಅದಕ್ಕೆ ಒಂದು ಮಧ್ಯಾಹ್ನವನ್ನೇ ಇಟ್ಟುಕೊಂಡೆವು. ಕ್ರಿ.ಶ. 597ರಲ್ಲಿ ರೋಮಿನಿಂದ ಬಂದ ಅಗಸ್ಟೀನ್ ಎಂಬ ಸನ್ಯಾಸಿ ಸ್ಥಾಪಿಸಿದ್ದು. 1170ರ ಡಿಸೆಂಬರ್ 29ರಂದು ಅಲ್ಲಿಯ ಆರ್ಚ್‌ಬಿಷಪ್, ಅಂದರೆ ಪ್ರಧಾನ ಧರ್ಮಗುರು, ಥಾಮಸ್ ಬೆಕೆಟ್‌ನನ್ನು ರಾಜನ ಕಡೆಯ ನಾಲ್ವರು ಒಳಗೇ ಕಡಿದು ಹಾಕಿದರು. ಮೂರು ವರ್ಷ ತುಂಬುವ ಮೊದಲೇ ಅವನು ಸಂತನಾದ. ಆಮೇಲೆ ಯಾತ್ರಿಕರ ಸಾಲು ನಿಲ್ಲಲೇ ಇಲ್ಲ.

ಅವನ ಸಮಾಧಿ ಇದ್ದ ಜಾಗಕ್ಕೆ ಹತ್ತುವ ಕಲ್ಲಿನ ಮೆಟ್ಟಿಲುಗಳ ಮುಂದೆ ನಾನು ನಿಂತುಬಿಟ್ಟೆ. ಒಂದೊಂದು ಮೆಟ್ಟಿಲೂ ಸವೆದು ತಗ್ಗಾಗಿದೆ. ನಮ್ಮಜ್ಜಿ ಮನೆಯ ಒರಳುಕಲ್ಲಿನ ಅಂಚು ಹೀಗೇ ನುಣ್ಣಗಿತ್ತು. ಯಾತ್ರಿಕರು ಇವನ್ನು ಮಂಡಿಯೂರಿಕೊಂಡೇ ಹತ್ತುತ್ತಿದ್ದರಂತೆ. ಉರುಳುಸೇವೆ ನೋಡಿ ಬೆಳೆದ ನನಗೆ ಹರಕೆಯೇನೂ ಹೊಸದಲ್ಲ. ಆದರೆ ಸವೆದ ಮಂಡಿ ಇಟ್ಟುಕೊಂಡು ಮಂಡಿಯಿಂದ ಸವೆದ ಕಲ್ಲಿನ ಮುಂದೆ ನಿಂತರೆ ನಗು ಬರುತ್ತದೆ, ಅಲ್ವಾ? ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಹತ್ತಿದೆ. ಮೇಲೆ ಸಮಾಧಿಯೇ ಇಲ್ಲ. 1538ರಲ್ಲಿ ಎಂಟನೇ ಹೆನ್ರಿ ಒಡೆಸಿಹಾಕಿದ. ಖಾಲಿ ನೆಲದ ಮೇಲೆ ಒಂದು ಮೇಣದಬತ್ತಿ ಉರಿಯುತ್ತಿದೆ, ಅಷ್ಟೇ.

ಒಳಗೆ ನೋಡಲು ಟಿಕೆಟ್ ಇದೆ. ಆದರೆ ಸಂಜೆಯ ಹಾಡಿನ ಪ್ರಾರ್ಥನೆಗೆ, ಅಂದರೆ ಈವನ್‌ಸಾಂಗ್‌ಗೆ, ಯಾರು ಬೇಕಾದರೂ ಸುಮ್ನೆ ಹೋಗಿ ಕೂರಬಹುದು. ಇದು ಗೊತ್ತಾದ ಮೇಲೆ ವಾರಕ್ಕೊಮ್ಮೆ ಹೋದೆವು. ಮಂಡಿಗೂ ವಿಶ್ರಾಂತಿ.

ಅಲ್ಲಿಂದ ಪೂರ್ವಕ್ಕೆ ಕಾಲು ಗಂಟೆ ನಡೆದರೆ ಸೇಂಟ್ ಮಾರ್ಟಿನ್ ಚರ್ಚ್. ಕೆಂಟಿನ ರಾಜ ಎಥೆಲ್ಬರ್ಟ್‌ನ ಹೆಂಡತಿ ಬರ್ತಾ ಈಗಿನ ಫ್ರಾನ್ಸಿನ ಕಡೆಯ ಫ್ರಾಂಕರ ರಾಜಕುಮಾರಿ. ಗಂಡನ ಮನೆಯವರ ದೇವರು ಬೇರೆ, ಅವಳ ದೇವರು ಬೇರೆ. ಅಗಸ್ಟೀನ್ ಬರುವ ಮೊದಲೇ ಅವಳು ಇಲ್ಲಿ ಪ್ರಾರ್ಥನೆ ಮಾಡುತ್ತಿದ್ದಳು. ಗೋಡೆಯಲ್ಲಿ ಈಗಲೂ ರೋಮನ್ನರ ಇಟ್ಟಿಗೆ ಕಾಣುತ್ತದೆ. ಕೊನೆಯಲ್ಲಿ ಸ್ವಲ್ಪ ಏರು ಇದೆ, ಮಂಡಿ ನೋವಿರುವವರು ನಿಧಾನಕ್ಕೆ ಹೋಗಿ. ಕ್ಯಾಥೆಡ್ರಲ್‌ನಲ್ಲಿ ಜನಜಾತ್ರೆ, ಇಲ್ಲಿ ನಾವಿಬ್ಬರೇ. ನನ್ನನ್ನು ಕೇಳಿದರೆ ಒಂದನ್ನೇ ನೋಡಬೇಕು ಅಂದಾಗ ಇದನ್ನೇ ನೋಡಿ ಅನ್ನುತ್ತೇನೆ.

ಇನ್ನು ಕಡಲು. ಕ್ಯಾಂಟರ್‌ಬರಿಯಿಂದ ಉತ್ತರಕ್ಕೆ ವಿಟ್‌ಸ್ಟಬಲ್ ಎಂಬ ಮೀನುಗಾರರ ಊರು. ನಡುವೆ 1830ರಲ್ಲಿ ರೈಲು ಹಾಕಿದ್ದರು. ಜನ ಅದನ್ನು ಏಡಿ-ಶಂಖದ ರೈಲು ಅಂತ ತಮಾಷೆಯಾಗಿ ಕರೆಯುತ್ತಿದ್ದರು, ಕ್ರ್ಯಾಬ್ ಅಂಡ್ ವಿಂಕಲ್. ರೈಲು ನಿಂತುಹೋಗಿ, 1999ರಿಂದ ಅಲ್ಲಿ ಕಾಲುದಾರಿ, ಸೈಕಲ್ ದಾರಿ ಇದೆ. ಒಟ್ಟು ಸುಮಾರು 12 ಕಿಲೋಮೀಟರ್. ನಾನು ಪೂರ್ತಿ ನಡೆದಿಲ್ಲ. ಕ್ಯಾಂಟರ್‌ಬರಿ ಕಡೆಯಿಂದ ಹೊರಟರೆ ಮೊದಲೇ ಗುಡ್ಡ ಹತ್ತಬೇಕು. ಹಾಗಾಗಿ ಜೂನ್‌ನ ಒಂದು ಭಾನುವಾರ ಅಳಿಯಂದಿರು ಕಾರಿನಲ್ಲಿ ಕ್ಲೋಸ್ ವುಡ್ ಕಾಡಿನವರೆಗೆ ಬಿಟ್ಟುಕೊಟ್ಟರು. ಅಲ್ಲಿಂದ ಮುಂದೆ ಹೆಚ್ಚು ಇಳಿಜಾರೇ. ಕಾಡಿನಲ್ಲಿ ಒಂದು ಕೆರೆ ಇದೆ. ಆ ಕಾಲದ ಉಗಿಬಂಡಿಗೆ ಗುಡ್ಡ ಹತ್ತುವ ತಾಕತ್ತಿರಲಿಲ್ಲ. ಗುಡ್ಡದ ಮೇಲೆ ಒಂದೇ ಕಡೆ ನಿಲ್ಲಿಸಿದ್ದ ಎಂಜಿನ್ ಹಗ್ಗ ಸುತ್ತಿ ಡಬ್ಬಿಗಳನ್ನು ಎಳೆಯುತ್ತಿತ್ತು. ಅದಕ್ಕೆ ನೀರು ಈ ಕೆರೆಯದು. ಅಲ್ಲೇ ಕೂತು ಚಪಾತಿ ಪಲ್ಯ ಬಿಚ್ಚಿದೆವು.

ವಿಟ್‌ಸ್ಟಬಲ್‌ನ ದಂಡೆಯಲ್ಲಿ ಮರಳಿಲ್ಲ, ಬರೀ ಗುಂಡುಕಲ್ಲು. ಹೆಜ್ಜೆ ಇಟ್ಟರೆ ಪಾದ ಜಾರುತ್ತದೆ, ಮಂಡಿ ತಿರುಚುತ್ತದೆ. ಟ್ಯಾಂಕರ್‌ಟನ್ ಕಡೆಗೆ ಕಾಂಕ್ರೀಟ್ ಹಾಕಿದ ದಾರಿ ಇದೆ, ಅದನ್ನೇ ಹಿಡಿಯಿರಿ. ಬಂದರಿನ ಹತ್ತಿರ ಆಯ್ಸ್ಟರ್ ಎಂಬ ಕಡಲ ಸಿಂಪಿಯ ಚಿಪ್ಪುಗಳ ರಾಶಿ. ಇಲ್ಲಿಯ ನಾಟಿ ಜಾತಿಯನ್ನು ಬೇಸಿಗೆಯಲ್ಲಿ ತಿನ್ನುವುದಿಲ್ಲ, ಅದು ಮರಿಯಾಗುವ ಕಾಲ. ಇನ್ನೊಂದು ಜಾತಿ ಸಿಕ್ಕಿತು. ನಮ್ಮವರು ನಿಂಬೆ ಹಿಂಡಿಕೊಂಡು ಒಂದನ್ನು ಹಸಿಯಾಗಿಯೇ ನುಂಗಿದರು. "ಸಮುದ್ರದ ನೀರು ಕುಡಿದ ಹಾಗಾಯ್ತು. ಇದಕ್ಕಿಂತ ನಮ್ಮ ಬಳಚಿನ ಸುಕ್ಕ ಸಾವಿರ ಪಾಲು ವಾಸಿ."

ಟ್ಯಾಂಕರ್‌ಟನ್ ಎದುರು 'ದಿ ಸ್ಟ್ರೀಟ್' ಅಂತ ಒಂದು ಸೋಜಿಗವಿದೆ. ನೀರು ಇಳಿದಾಗ ಕಲ್ಲಿನ ಉದ್ದನೆಯ ದಿಣ್ಣೆ ಸಮುದ್ರದೊಳಕ್ಕೆ ರಸ್ತೆಯ ಹಾಗೆ ಮೇಲೇಳುತ್ತದೆ. ಎರಡೂ ಪಕ್ಕ ನೀರು, ನಡುವೆ ನಾವು. ಕಡಲ ದಂಡೆಯಲ್ಲಿ ಹುಟ್ಟಿದವಳು, ಉಬ್ಬರ ಇಳಿತ ನನಗೆ ಯಾರು ಹೇಳಿಕೊಡಬೇಕು ಅನ್ನುವ ಜಂಬ ನನ್ನದು. ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಕೆಲವು ಇಳಿತದ ಪಟ್ಟಿಗಳಲ್ಲಿ ಆ ಗಂಟೆ ಸೇರಿರುವುದಿಲ್ಲ, ನಾವೇ ಕೂಡಿಸಿಕೊಳ್ಳಬೇಕು. ನನ್ನ ಫೋನಿನಲ್ಲಿದ್ದದ್ದು ಮೊದಲೇ ಕೂಡಿಸಿದ್ದ ಪಟ್ಟಿ. ನಾನು ಇನ್ನೊಮ್ಮೆ ಕೂಡಿಸಿದೆ. ನಾವು ಕಾಲಿಡುವಾಗ ನೀರು ವಾಪಸ್ ಏರಲು ಶುರುವಾಗಿ ಒಂದು ಗಂಟೆಯಾಗಿತ್ತು.

ಅರ್ಧ ದೂರ ಹೋದಾಗ ದಿಣ್ಣೆಯ ತುದಿ ಕಾಣಿಸಲಿಲ್ಲ. ಪಕ್ಕದಲ್ಲಿ ಆಗಷ್ಟೇ ಒಣಗಿದ್ದ ಒಂದು ಕಲ್ಲು ಮತ್ತೆ ಒದ್ದೆಯಾಯಿತು. ಅದೊಂದು ಸಾಕಾಯಿತು ನನಗೆ. "ತಿರುಗಿ ರೀ" ಅಂದೆ. ನಮ್ಮವರು ಫೋಟೋ ಒಂದು ಅಂತ ಇನ್ನೂ ಹತ್ತು ಹೆಜ್ಜೆ ಮುಂದೆ ಹೋದರು. ವಾಪಸ್ ಬರುವಾಗ ಒಂದು ತಗ್ಗಿನಲ್ಲಿ ಪಾದ ಮುಳುಗಿತು. ಅಪಾಯವೇನೂ ಆಗಲಿಲ್ಲ. ಆದರೆ ಅಲ್ಲಿ ಸೆಳೆತ ಜೋರು, ಈಜಬೇಡಿ ಅಂತ ಸುಮ್ನೆ ಹೇಳುವುದಿಲ್ಲ.

ಬಸ್ಸಿನ ಮೇಲಂತಸ್ತಿಗೆ ಹತ್ತುವ ಆಸೆ ಬಿಟ್ಟು ಕೆಳಗೇ ಕೂತು ಮನೆಗೆ ಬಂದೆವು. ಶೂ ಒಣಗಲು ಎರಡು ದಿನ ಬೇಕಾಯಿತು. ಮಾರನೇ ಸಂಜೆ ಕ್ಯಾಥೆಡ್ರಲ್ ಪ್ರಾರ್ಥನೆಗೆ ನಮ್ಮವರು ಪ್ಯಾಂಟು, ಕೋಟು ಹಾಕಿಕೊಂಡು ಕಾಲಿಗೆ ಬಾತ್‌ರೂಮ್ ಚಪ್ಪಲಿ ಮೆಟ್ಟಿ ಬಂದರು. ಅಷ್ಟು ದೊಡ್ಡ ಕಟ್ಟಡದಲ್ಲಿ ಆ ಚಪ್ಪಲಿಯ ಸದ್ದು ಎಷ್ಟು ದೂರ ಕೇಳುತ್ತದೆ ಅಂತ ಅವತ್ತು ಗೊತ್ತಾಯಿತು.